ಕಮಾಂಡರರನ್ನು ಮಲಗಿಸಿದ ದಿನ

ಕಳೆದ ವರ್ಷ ಶ್ರಾವಣದ ಎರಡನೆಯ ಗುರುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಕಮಾಂಡರ್ ಸಾಹೇಬರ ಹೊಲದ ಮನೆಯ ಪಡಸಾಲೆಯಲ್ಲಿ, ಅವರ ಬೆತ್ತದ ಕುರ್ಚಿಯಿಂದ ಎರಡು ಹೆಜ್ಜೆ ಎಡಕ್ಕೆ ನಿಂತಿದ್ದೆ. ಕೈಯಲ್ಲಿ ಬಸ್ಸಿಗೆ ಬಂದ ಅವರ ಪತ್ರಿಕೆ ಇತ್ತು, ದಿನವೂ ನಾನೇ ಒಯ್ದು ಕೊಡುತ್ತಿದ್ದೆ. ಈ ಹೊತ್ತನ್ನು ಮೊದಲು ಏಳೂವರೆ ಎಂದು ಬರೆದಿದ್ದೆ, ಅದು ತಪ್ಪು. ಅಣ್ಣಿಗೇರಿಯಿಂದ ಬರುವ ಮೊದಲ ಬಸ್ಸು ಆ ದಿನ ಏಳಕ್ಕೆ ಐದು ನಿಮಿಷ ಇರುವಾಗಲೇ ಬಂದಿತ್ತು. ನಿಲ್ದಾಣದಿಂದ ಅವರ ಮನೆಗೆ ಒಣ ದಿನದಲ್ಲಿ ಹದಿನೈದು ನಿಮಿಷದ ದಾರಿ. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಚಪ್ಪಲಿಗೆ ಮೆತ್ತುತ್ತಿದ್ದುದರಿಂದ ಇಪ್ಪತ್ತೈದು ನಿಮಿಷ ಹಿಡಿಯಿತು.

ಅವರು ಕುರ್ಚಿಯಲ್ಲಿ ಕುಳಿತೇ ತೀರಿಕೊಂಡಿದ್ದರು. ಬೆನ್ನು ಕುರ್ಚಿಗೆ ಆನಿತ್ತು, ಗದ್ದ ಎದೆಯ ಮೇಲೆ ಇಳಿದಿತ್ತು, ಎರಡೂ ಕೈ ಕುರ್ಚಿಯ ತೋಳುಗಳ ಮೇಲಿದ್ದವು. ಪಕ್ಕದ ಸ್ಟೂಲಿನ ಮೇಲಿನ ಚಹಾದ ಲೋಟದ ಅಂಚಿನಲ್ಲಿ ಇರುವೆಗಳಿದ್ದವು. ನಾನು ಕತ್ತನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಮೊಣಕೈ ಮಡಿಸಲು ನೋಡಿದೆ, ಮಡಿಯಲಿಲ್ಲ. ಕಸ ಗುಡಿಸುವ ಹೆಣ್ಣುಮಗಳು ಅವರನ್ನು ಹಿಂದಿನ ಸಂಜೆ ಆರಕ್ಕೆ ನೋಡಿ ಹೋಗಿದ್ದಳು. ಅದಾಗಿ ಬಹಳ ಹೊತ್ತಾಗುವ ಮುಂಚೆಯೇ ಹೋಗಿರಬೇಕು.

ನಾನು ಅವರಿಗೆ ಮಾತು ಕೊಟ್ಟಿದ್ದು ಒಂದೇ. ಸತ್ತ ಮೇಲೆ ನಿಮ್ಮನ್ನು ಕುಳ್ಳಿರಿಸುವುದಿಲ್ಲ, ಮಲಗಿಸುತ್ತೇನೆ ಎಂದು. ಅವರು ಕುಳಿತೇ ಸೆಟೆದಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಲಿಂಗವಂತ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಿಸಿ, ಗೋಡೆಗೆ ಆನಿಸಿ ಕುಳ್ಳಿರಿಸುತ್ತೇವೆ. ಬದುಕಿರುವಾಗ ಕೊರಳಲ್ಲಿ ಧರಿಸಿದ್ದ ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತೇವೆ. ಕುಣಿಯೊಳಗೂ ಅವರು ಕುಳಿತೇ ಇರುತ್ತಾರೆ. ದೇಹ ಸೆಟೆಯುವ ಮುಂಚೆ, ಎರಡು ಮೂರು ತಾಸಿನೊಳಗೆ, ಈ ಕೆಲಸ ಆಗಬೇಕು. ಎಲ್ಲರ ಕೈಗೂ ಅದು ಬರುವುದಿಲ್ಲ. ನಮ್ಮೂರಲ್ಲಿ ಅಪ್ಪ ಮಾಡುತ್ತಿದ್ದ, ಅವನ ನಂತರ ನಾನು ಮಾಡುತ್ತ ಬಂದೆ. ನೌಕರಿಯಿಂದ ನಾನು ಊರಿನ ಅಂಚೆ ಕಚೇರಿಯವನು, ಈಗ ನಿವೃತ್ತ. ಜನ ಇನ್ನೂ ಪೋಸ್ಟ್ ಮಾಸ್ತರ ಎನ್ನುತ್ತಾರೆ. ಯಾರಾದರೂ ಸತ್ತರೆ ಮೊದಲು ನನ್ನನ್ನು ಕರೆಯುತ್ತಾರೆ, ಆಮೇಲೆ ಮಂತ್ರ ಹೇಳುವ ಅಯ್ಯನವರನ್ನು. ತಡವಾಗಿ ಕರೆದರೆ ಬಿಸಿನೀರಿನ ಅರಿವೆ ಸುತ್ತಿ, ತಿಕ್ಕಿ, ಕೀಲು ಸಡಿಲ ಮಾಡುತ್ತೇನೆ. ಮಡಿಸಲು ಬಂದವನಿಗೆ ಬಿಡಿಸಲೂ ಬರುತ್ತದೆ. ಆದರೆ ಆವರೆಗೆ ಯಾರನ್ನೂ ಬಿಡಿಸಿರಲಿಲ್ಲ.

ಕಮಾಂಡರ್ ಸಾಹೇಬರು ನಮ್ಮೂರಿನವರೇ. ಹದಿನಾರನೆಯ ವಯಸ್ಸಿಗೆ ಊರು ಬಿಟ್ಟು ನೌಕಾಪಡೆಗೆ ಸೇರಿದರು. ಬೆಣ್ಣಿಹಳ್ಳದ ನೀರು ಬಿಟ್ಟು ಬೇರೆ ನೀರು ಕಾಣದ ಊರಿನಿಂದ ಹೋದವರು ಮೂವತ್ತೈದರ ಸುಮಾರಿಗೆ ಒಂದು ಸಣ್ಣ ಯುದ್ಧನೌಕೆಯ ಕಮಾಂಡರ್ ಆಗಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಆ ನೌಕೆ ಪಡುವಣ ಸಮುದ್ರದಲ್ಲಿತ್ತು, ಪೆಟ್ಟು ತಿಂದರೂ ದಡಕ್ಕೆ ಮರಳಿತು. ಅದಕ್ಕೆ ಅವರಿಗೊಂದು ಪದಕ ಕೊಟ್ಟಿದ್ದರು. ಇಷ್ಟು ವರ್ಷದಲ್ಲಿ ನಾನದನ್ನು ಒಮ್ಮೆ ಮಾತ್ರ ನೋಡಿದ್ದೇನೆ; ಅಂಗಿಯ ಗುಂಡಿ, ಸೂಜಿ ಇಡುವ ಬಿಸ್ಕೀಟಿನ ಡಬ್ಬಿಯಲ್ಲಿತ್ತು. ಯುದ್ಧದ ನಂತರ ಹೆಚ್ಚಿನ ವರ್ಷ ಕಚೇರಿಯ ಮೇಜಿನ ಮುಂದೆ ಕಳೆದರಂತೆ. ಹೆಂಡತಿ ಮುಂಬೈಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅರವತ್ತೇಳಕ್ಕೆ ಊರಿಗೆ ಮರಳಿ ತಮ್ಮ ಪಾಲಿನ ಹೊಲದಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿಕೊಂಡರು. ಅಲ್ಲಿ ಇಪ್ಪತ್ತೆರಡು ವರ್ಷ ಒಬ್ಬರೇ ಇದ್ದರು.

ಅವರ ಕನ್ನಡ ಹದಿನಾರನೆಯ ವಯಸ್ಸಿಗೆ ನಿಂತುಹೋಗಿತ್ತು. ಹುಡುಗರು ಆಡುವ ಮಾತು ಬರುತ್ತಿತ್ತು, ಹಿರಿಯರು ಆಡುವ ಮಾತು ಬರುತ್ತಿರಲಿಲ್ಲ. ಗೋಲಿ, ಚಿಣಿಫಣಿ, ಹೊಳೆಯ ಈಜು ಎಲ್ಲಕ್ಕೂ ಅವರ ಬಳಿ ಹಳೆಯ ಶಬ್ದಗಳಿದ್ದವು. ಸಂತಾಪ ಹೇಳಲು, ಬೀಗರನ್ನು ಮಾತಾಡಿಸಲು ಶಬ್ದ ಸಿಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಗೌಡರಿಗೂ "ಲೇ" ಎನ್ನುತ್ತಿದ್ದರು. ಗೌಡರು ಬೇಸರಿಸದೆ, "ಅನ್ನಲಿ ಬಿಡೋ. ನನಗ ಲೇ ಅನ್ನಾವ್ರು ಯಾರ ಉಳದಾರ ಊರಾಗ" ಎನ್ನುತ್ತಿದ್ದರು.

ಚಹಾದಂಗಡಿಯಲ್ಲಿ ಅವರನ್ನು ಕೆಣಕುವುದು ಸಾಮಾನ್ಯವಾಗಿತ್ತು.

"ಸಾಹೇಬ್ರ, ನಿಮ್ಮ ಹಡಗ ಎಲ್ಲಿ ನಿಂದ್ರಿಸೀರಿ?"

"ಬೆಣ್ಣಿಹಳ್ಳದಾಗ. ನಿಮ್ಮ ಎಮ್ಮಿ ಅಡ್ಡ ಬಂದೈತಿ, ಎಬ್ಬಸ್ರಿ ಮೊದಲ."

ಒಮ್ಮೆ ಯಾರೋ, ಹತ್ತಿಯ ಹೊಲ ಗಾಳಿಗೆ ಆಡುವುದನ್ನು ನೋಡಿದರೆ ಸಮುದ್ರ ನೆನಪಾಗುತ್ತದೆಯೇ ಎಂದು ಕೇಳಿದರು. "ಇಲ್ಲ" ಎಂದರು ಅವರು. "ಹೊಲ ಹೊಲಾನ." 

ದಿನಕ್ಕೆ ನಾಲ್ಕು ಸಲ ಗಾಳಿಯ ದಿಕ್ಕು, ಮೋಡ, ಮಳೆ ಇವನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಅಳಿಸುತ್ತಿರಲಿಲ್ಲ. ಒಂದೇ ಗೆರೆ ಎಳೆದು, ಕೆಳಗಿನ ಅಕ್ಷರ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು. ಹಡಗಿನಲ್ಲಿ ಹಾಗೇ ರೂಢಿಯಂತೆ. ನಾನು ಈ ಬರಹದಲ್ಲಿ ಮಾಡುತ್ತಿರುವುದನ್ನು ಅವರಿಂದಲೇ ಕಲಿತೆ.

ಊರಿಗೆ ಬಂದ ಮೊದಲ ವರ್ಷವೇ ಅವರು ಅಂಚೆ ಕಚೇರಿಗೆ ಬಂದು ಒಂದು ಹಳೆಯ ವಿಳಾಸ ನನ್ನ ಮುಂದಿಟ್ಟರು. ಸಂಶಿಯಿಂದ ಮೂರು ಕಿಲೋಮೀಟರ್ ಆಚೆಗಿನ ಒಂದು ಹಳ್ಳಿಯದು. ಅವರ ನೌಕೆಯಲ್ಲಿದ್ದು ಯುದ್ಧದಲ್ಲಿ ಸತ್ತ ಒಬ್ಬ ನಾವಿಕನ ಮನೆ. ಆ ನಾವಿಕನ ತಾಯಿ ಇದ್ದಾರೋ ಇಲ್ಲವೋ ಕೇಳಿ ಹೇಳಬೇಕೆಂದರು. ಆ ಕಡೆಯ ಪೋಸ್ಟ್ ಮಾಸ್ತರರಿಗೆ ನಾನು ಫೋನ್ ಮಾಡಿದೆ. ತಾಯಿ ಇದ್ದಾರೆ, ಮಗಳ ಜೊತೆಗಿದ್ದಾರೆ ಎಂಬ ಉತ್ತರ ಬಂತು.

ಎಳ್ಳಮವಾಸ್ಯೆಯ ಮರುದಿನ ನನ್ನ ಮೋಟಾರ್ ಸೈಕಲ್ಲಿನ ಮೇಲೆ ಹೋದೆವು. ಹುಬ್ಬಳ್ಳಿ, ಕುಂದಗೋಳ ದಾಟಿ ಆ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ತಾಯಿ ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಸತ್ತವನ ತಂಗಿ ಬಾಗಿಲಲ್ಲಿ ನಿಂತಿದ್ದರು. ಆಗ ಅವರಿಗೆ ನಲವತ್ತೈದರ ಮೇಲಿತ್ತು, ಗಂಡ ಇರಲಿಲ್ಲ. ನಾನು ತಾಯಿಯಿಂದ ನಾಲ್ಕು ಮೊಳ ದೂರ, ಒಂದು ಕಾಲಿನ ಚಪ್ಪಲಿ ಬಿಚ್ಚಿ ಇನ್ನೊಂದನ್ನು ಬಿಚ್ಚದೆ ನಿಂತಿದ್ದೆ.

ಸಾಹೇಬರು ತಾವು ಯಾರೆಂದು ಹೇಳಿಕೊಂಡರು. ಮಗ ಹೇಗೆ ಸತ್ತ ಎಂದು ತಾಯಿ ಕೇಳಲಿಲ್ಲ. ಕೈಯ ಕೆಲಸ ನಿಲ್ಲಿಸಿ, ಸೆರಗಿನಿಂದ ಬೆರಳು ಒರೆಸಿಕೊಂಡು ಕೇಳಿದ್ದು ಇಷ್ಟೇ:

"ಕುಂಡ್ರಿಸಿ ಕಳಿಸಿದ್ರೇನ್ರಿ? ಮಲಗಿಸಿ ಕಳಿಸಿದ್ರೇನ್ರಿ?"

"ಕುಂಡ್ರಿಸೀನಿ, ಅವ್ವ," ಎಂದರು ಕಮಾಂಡರ್ ಸಾಹೇಬರು.

"ಯಾ ದಿಕ್ಕಿಗೆ ಮುಖ ಮಾಡಿದ್ರಿ?"

"ಮೂಡಲಕ್ಕ."

"ಕೈಯಾಗ ಲಿಂಗ?"

"ಇಟ್ಟಿದ್ದೆ. ನಾನ ಇಟ್ಟೆ."

ತಾಯಿ ತಲೆಯಾಡಿಸಿದರು. ಮಗಳ ಕಡೆ ತಿರುಗಿ, "ಕೇಳಿದೇನ ಬೇ, ಕುಂಡ್ರಿಸ್ಯಾರಂತ. ಅವರಿಗೆ ರೊಟ್ಟಿ ನೀಡು" ಎಂದರು. ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದರು. ನಾವು ಸಜ್ಜೆರೊಟ್ಟಿ, ಪುಂಡಿಪಲ್ಯ ಉಂಡು ಹೊರಟೆವು.

ಮರಳುವಾಗ ಬೆಣ್ಣಿಹಳ್ಳದ ಸೇತುವೆಯ ಮೇಲೆ ಸಾಹೇಬರು ನನ್ನ ಭುಜ ತಟ್ಟಿ ಗಾಡಿ ನಿಲ್ಲಿಸೆಂದರು. ಕೆಳಗೆ ನೀರು ಕಡಿಮೆಯಿತ್ತು, ಎರಡು ಎಮ್ಮೆ ಬಿದ್ದುಕೊಂಡಿದ್ದವು.

"ನಾ ಸುಳ್ಳ ಹೇಳಿದೆ, ಲೇ."

"ಗೊತ್ತಾತ್ರಿ."

"ಹೆಂಗ?"

"ದಿಕ್ಕ ಹೇಳೂ ಮುಂದ ನೀವು ಯಾವಾಗ್ಲೂ ಕೈ ಮಾಡಿ ತೋರಸ್ತೀರಿ. ಅಲ್ಲಿ ತೋರಸ್ಲಿಲ್ಲ."

ಅವರು ಸೇತುವೆಯ ಕಂಬಿ ಹಿಡಿದು ನಿಂತು ಹೇಳಿದರು. ನೌಕೆಯ ಬದಿಯಲ್ಲಿ ಬಾಂಬು ಸಿಡಿದು ಯಂತ್ರದ ಖೋಲಿಯಲ್ಲಿದ್ದ ಇಬ್ಬರು ಸತ್ತಿದ್ದರು. ಬಂದರು ಸೇರಲು ಇನ್ನೂ ಎಷ್ಟು ದಿನವೋ ಗೊತ್ತಿರಲಿಲ್ಲ. ಹೆಣ ಇಡಲು ಜಾಗವಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರನ್ನೂ ದಪ್ಪ ಬಟ್ಟೆಯಲ್ಲಿ ಹೊಲಿದು, ಕಾಲಿಗೆ ಕಬ್ಬಿಣ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಹಲಗೆ ಎತ್ತಿ ಸಮುದ್ರಕ್ಕೆ ಇಳಿಸಿದರು. ನೌಕೆಯನ್ನು ನಿಲ್ಲಿಸಲೂ ಇಲ್ಲ, ನಿಲ್ಲಿಸಿದರೆ ವೈರಿಗೆ ಗುರಿ. ಎಲ್ಲ ಸೇರಿ ಏಳು ನಿಮಿಷ. ಆ ಹುಡುಗನ ಮನೆಯ ರೂಢಿ ಸಾಹೇಬರಿಗೆ ಗೊತ್ತಿತ್ತು, ಅದು ಅವರದೇ ಮನೆಯ ರೂಢಿ. ಆದರೆ ಅಷ್ಟೊತ್ತಿಗೆ ದೇಹ ಸೆಟೆದಿತ್ತು. ಲಿಂಗವನ್ನು ಅಂಗೈಯಲ್ಲಿಟ್ಟು, ಬೆರಳು ಮುಚ್ಚಿ, ದಾರ ಸುತ್ತಿದರು. ಅದೊಂದು ಖರೆ.

"ಕಾಲ ಮಡಚಾಕ ನೋಡಬಹುದಿತ್ತು," ಎಂದರು. "ನೋಡ್ಲಿಲ್ಲ. ಉಳದಾವ್ರೆಲ್ಲಾ ನನ್ನ ಮುಖಾ ನೋಡಾಕತ್ತಿದ್ರು. ಲಗೂ ಮುಗಸ್ರಿ ಅಂದೆ."

ಕೆಳಗಿನ ನೀರು ನೋಡುತ್ತ, "ಈ ಹಳ್ಳ ಅಂವನ ಊರ ಬಾಜೂನ ಹರದು ನಮ್ಮೂರಿಗೆ ಬರ್ತೈತಿ," ಎಂದರು. "ಆದ್ರ ಈ ನೀರು ಕಡೀಕ ಸೇರೂದು ಮೂಡಲ ಸಮುದ್ರ. ಅಂವ ಇರೂದು ಪಡುವಲದಾಗ." ಹಾಗೆನ್ನುವಾಗ ಎರಡೂ ದಿಕ್ಕಿಗೆ ಕೈ ಮಾಡಿ ತೋರಿಸಿದರು.

ಆಮೇಲೆ ಪ್ರತಿವರ್ಷ ಎಳ್ಳಮವಾಸ್ಯೆಯ ಮರುದಿನ ಆ ಮನೆಗೆ ಹೋಗುತ್ತಿದ್ದೆವು. ತಾಯಿ ಇನ್ನೂ ಹನ್ನೊಂದು ವರ್ಷ ಬದುಕಿದರು. ಪ್ರತಿಸಲ ಆ ಮಾತು ಒಂದಿಲ್ಲೊಂದು ರೀತಿಯಲ್ಲಿ ಬರುತ್ತಿತ್ತು. ಕೊನೆಯ ವರ್ಷ ಹಾಸಿಗೆಯಲ್ಲಿದ್ದರು. "ನನ್ನ ಮಗಾ ಅಲ್ಲಿ ಕುಂತಾನ. ನಾ ಇಲ್ಲಿ ಕುಂಡ್ರತೀನಿ. ಎದುರಾಬದುರಾ," ಎಂದರು. ನಗುತ್ತಿದ್ದರು. ಸಾಹೇಬರು ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟರು. ತಾಯಿ ಹೋದಾಗ ಅವರನ್ನು ಕುಳ್ಳಿರಿಸುವಾಗ ನಾನೂ ಕೈ ಹಚ್ಚಿದೆ. ಸಾಹೇಬರು ಹೊರಗಿನ ಕಟ್ಟೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ತಮ್ಮನ್ನು ಕುಳ್ಳಿರಿಸಬಾರದು ಎಂದು ಅವರು ಮೊದಲು ಹೇಳಿದ್ದು ಆ ದಿನವೇ, ಬಸ್ಸಿನಲ್ಲಿ. "ಅಂವಗ ಕೊಡದ್ದು ನನಗ ಬ್ಯಾಡ."

"ಅದು ಆಗೂ ಮಾತಲ್ರಿ. ನಿಮ್ಮ ಅಣ್ಣನ ಮಗಾ ಒಪ್ಪಾಂಗಿಲ್ಲ. ಅಯ್ಯನವರು ಒಪ್ಪಾಂಗಿಲ್ಲ."

"ನೀ ಒಪ್ಪು. ಮಡಚಾಂವ ನೀನಲಾ?"

ನಾನು ಒಂದು ವರ್ಷ ಒಪ್ಪಲಿಲ್ಲ. ಅವರು ಕೇಳುವುದನ್ನು ಬಿಡಲಿಲ್ಲ. ಕೊನೆಗೆ ಮಾತು ಕೊಟ್ಟೆ. ಆರು ವರ್ಷದ ಹಿಂದೆ ಕೆಮ್ಮು ಜೋರಾಗಿ ಮಲಗಿದಾಗ ಒಂದು ಹಾಳೆಯ ಮೇಲೆ ದುಂಡಗಿನ, ಶಾಲೆಯ ಹುಡುಗರ ಅಕ್ಷರದಲ್ಲಿ ಬರೆದು ಕೊಟ್ಟರು: "ನನ್ನನ್ನು ಕುಳ್ಳಿರಿಸಬೇಡಿರಿ. ಮಲಗಿಸಿರಿ. ಕಾರಣ ಪೋಸ್ಟ್ ಮಾಸ್ತರರಿಗೆ ಗೊತ್ತು." ಕೊನೆಯ ಸಾಲು ಬೇಡ ಎಂದು ನಾನು ಹೇಳಿದೆ. ಅವರು ಅದನ್ನು ಹೊಡೆದು ಹಾಕಲಿಲ್ಲ.

ಈಗ ಆ ಗುರುವಾರದ ಬೆಳಿಗ್ಗೆಗೆ ಮರಳುತ್ತೇನೆ.

ಏಳು ಇಪ್ಪತ್ತೈದಕ್ಕೆ ಹುಬ್ಬಳ್ಳಿಯಲ್ಲಿರುವ ಅವರ ಅಣ್ಣನ ಮಗನಿಗೆ ಫೋನ್ ಮಾಡಿದೆ. ಏಳು ಮೂವತ್ತಕ್ಕೆ ಅಯ್ಯನವರಿಗೆ. ಏಳು ನಲವತ್ತಕ್ಕೆ ಸಂಶಿಯ ಆಚೆಗೆ ಆ ನಾವಿಕನ ತಂಗಿಗೆ. ಇಷ್ಟು ವರ್ಷ ಸುದ್ದಿ ಮುಟ್ಟಿಸುವುದೇ ನನ್ನ ಕೆಲಸವಾಗಿತ್ತು, ಯಾರಿಗೆ ಮುಟ್ಟಬೇಕೋ ಅವರಿಗೆಲ್ಲ ಮುಟ್ಟಿಸಿದೆ. ಮೂರನೆಯ ಫೋನಿನ ಮುಂಚೆ ನಾನು ಯೋಚಿಸಲಿಲ್ಲ. "ಬರ್ತೀನ್ರಿ. ಹನ್ನೊಂದರ ಬಸ್ಸಿಗೆ ಬಿಡ್ತೀನಿ," ಎಂದರು ಅವರು. ಫೋನ್ ಇಟ್ಟೆ.

ಆಮೇಲೆ ಸಾಹೇಬರ ಮೊಣಕಾಲು ನೋಡಿದೆ. ಜನ ಬಂದು ನೋಡಿದರೆ ಯಾರೂ ಹಾಳೆ ಓದುವುದಿಲ್ಲ, ಪುಣ್ಯವಂತ, ಕುಳಿತೇ ಹೋದ ಎಂದು ಹಾಗೇ ಎತ್ತಿ ಹೂವು ಕಟ್ಟುತ್ತಾರೆ. ಮಾತು ಉಳಿಸುವುದಾದರೆ ಆಗಲೇ, ಒಬ್ಬನೇ ಇರುವಾಗಲೇ ಮಾಡಬೇಕಿತ್ತು.

ಎಂಟು ಗಂಟೆಗೆ ಕಸ ಗುಡಿಸುವ ಹೆಣ್ಣುಮಗಳು ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗುವ ದಾರಿಯಲ್ಲಿ ಬಂದಳು. ಬಾಗಿಲಲ್ಲೇ ಕುಳಿತುಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ನಾನು ನೀರು ಕಾಯಿಸೆಂದೆ.

"ಜಳಕಕ್ಕೇನ್ರಿ?"

"ಅಲ್ಲ. ಕಾಲಿಗೆ."

ಅವಳು ಕಾಯಿಸಿ ತಂದಳು. ಇಬ್ಬರೂ ಸೇರಿ ಅವರನ್ನು ಕುರ್ಚಿಯಿಂದ ಮಂಚಕ್ಕೆ ತಂದೆವು. ಮಂಚದ ಮೇಲೆ ಅವರು ಕುರ್ಚಿಯ ಆಕಾರದಲ್ಲೇ, ಪಕ್ಕಕ್ಕೆ ವಾಲಿಕೊಂಡು ಇದ್ದರು. ಮೊದಲು ಬಲ ಮೊಣಕಾಲು, ಆಮೇಲೆ ಎಡ, ಆಮೇಲೆ ಸೊಂಟ. ಬಿಸಿ ಅರಿವೆ ಸುತ್ತಿ, ತಿಕ್ಕಿ, ಒತ್ತಿ, ಬಿಟ್ಟು, ಮತ್ತೆ ಒತ್ತಿ. ಎಡ ಮೊಣಕಾಲು ಬಿಡುವಾಗ ಸಪ್ಪಳವಾಯಿತು. ಅವಳು ಮುಖ ತಿರುಗಿಸಿದಳು. ಎಲ್ಲ ಸೇರಿ ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಕೈಯಲ್ಲಿ ಲಿಂಗ ಇಟ್ಟು ಬೆರಳು ಮುಚ್ಚಿದೆ. 

ಹತ್ತಕ್ಕೆ ಅಣ್ಣನ ಮಗ ಬಂದ. ಐವತ್ತರ ಮನುಷ್ಯ, ಹುಬ್ಬಳ್ಳಿಯಲ್ಲಿ ಅಂಗಡಿಯಿದೆ. ನಾನು ಕೊಟ್ಟ ಹಾಳೆ ಓದಿದ, ಮತ್ತೊಮ್ಮೆ ಓದಿದ.

"ನಮ್ಮ ಮನಿತನದಾಗ ಯಾರನ್ನೂ ಮಲಗಿಸಿಲ್ರಿ ಮಾಸ್ತರ. ಏನಿದು ಕಾರಣ?"

"ಅದನ್ನ ಕೇಳಬ್ಯಾಡ್ರಿ."

"ನಿಮಗ ಗೊತ್ತಂತ ಬರದಾರಲ್ಲ."

"ಗೊತ್ತೈತಿ. ಹೇಳಾಂಗಿಲ್ಲ."

ಅಯ್ಯನವರು ವಯಸ್ಸಾದವರು. ಮಂಚದ ಬಳಿ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ, "ಲಿಂಗ ಕೈಯಾಗ ಐತೆಲಾ? ಇರಲಿ. ಸತ್ತಾವನ ಕೂಡ ವಾದ ಮಾಡೂದು ಬ್ಯಾಡ," ಎಂದರು. ಅಣ್ಣನ ಮಗ ಹಾಳೆಯನ್ನು ಜೇಬಿಗಿಟ್ಟುಕೊಂಡ. 

ಕುಣಿ ತೋಡುವವರಿಗೆ ಹೇಳುವುದನ್ನು ನಾನು ಮರೆತಿದ್ದೆ. ಹೊಲದ ಬದುವಿನ ಬಳಿ ಅವರು ರೂಢಿಯಂತೆ ಚೌಕದ ಕುಣಿ ತೋಡಿ, ಕುಳ್ಳಿರಿಸಲು ಗೋಡೆಯಲ್ಲಿ ಗೂಡು ಕೊರೆಯುತ್ತಿದ್ದರು. ನಾನು ಹೋಗಿ ಉದ್ದ ಮಾಡಬೇಕು ಎಂದೆ.

"ಉದ್ದ ಅಂದ್ರ?"

"ಆರೂವರಿ ಫೂಟು."

ಒಬ್ಬ ಸಲಿಕೆ ಊರಿ ನಿಂತ. "ಮಾಸ್ತರ, ನಿಮಗ ಮರವು ಬಂತೇನು? ಊರ ಮಂದೀನ್ನೆಲ್ಲಾ ಕುಂಡ್ರಿಸಿದಾವ್ರು ನೀವು."

"ಹಡಗ ತಂದ ಇಳಸಾವ್ರಿರಬೇಕ ಬಿಡೋ," ಎಂದ ಇನ್ನೊಬ್ಬ. ಯಾರೂ ನಗಲಿಲ್ಲ. ಹಸಿ ಎರೆ ಸಲಿಕೆಗೆ ಅಂಟುತ್ತಿತ್ತು. ಬೈಯುತ್ತಲೇ ಉದ್ದ ಮಾಡಿದರು.

ಅಣ್ಣನ ಮಗ ಕಾರವಾರಕ್ಕೂ ಸುದ್ದಿ ಮುಟ್ಟಿಸಿದ್ದ. ಎರಡು ಗಂಟೆಗೆ ಅಲ್ಲಿಂದ ನಾಲ್ವರು ನೌಕಾಪಡೆಯವರು ಬಂದರು, ಬಿಳಿ ಬಟ್ಟೆ, ಕಪ್ಪು ಕೆಸರಿನಲ್ಲಿ ಮುಳುಗಿದ ಬೂಟು. ಸಾಹೇಬರ ಮೇಲೆ ಧ್ವಜ ಹೊದಿಸಿದರು. ನಾಲ್ವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಮಲಗಿದ ದೇಹ ನೋಡಿ ಅವರಿಗೆ ಏನೂ ಅನ್ನಿಸಲಿಲ್ಲ, ಅವರಲ್ಲಿ ಅದೇ ಸರಿ.

ಎರಡು ನಲವತ್ತಕ್ಕೆ ಆ ತಂಗಿ ಬಂದರು. ಬದುವಿನ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಬಿಲ್ವಪತ್ರಿಯ ಚೀಲ ಹಿಡಿದು ನಡೆದು ಬರುವುದನ್ನು ನಾನು ಪಡಸಾಲೆಯಿಂದ ಕಂಡೆ. ಬೆಳಿಗ್ಗೆ ಮಾಡಿದ ಎರಡು ಕೆಲಸ, ಅವರನ್ನು ಕರೆದದ್ದು ಮತ್ತು ಸಾಹೇಬರನ್ನು ಮಲಗಿಸಿದ್ದು, ಒಂದೇ ಮನೆಯಲ್ಲಿ ಕೂಡಿ ಇರಲಾರವು ಎಂದು ಹೊಳೆದದ್ದು ಆಗ. ಅದಕ್ಕಿಂತ ಮುಂಚೆ ಹೊಳೆಯಲಿಲ್ಲ. ಹೇಗೆ ಹೊಳೆಯಲಿಲ್ಲ ಎಂದು ಒಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಸಾಹೇಬರ ಕೊನೆಯ ಆಸೆ ಸಾಹೇಬರಿಗೆ ಮಾತ್ರ ಸಂಬಂಧಿಸಿದ್ದು ಎಂದು ನಾನು ನಂಬಿದ್ದೆ.

ಅವರು ಮಂಚದ ಬಳಿ ಬಂದು ಮುಖ ನೋಡಿ ಅತ್ತರು. ಆಮೇಲೆ ಕಣ್ಣು ಒರೆಸಿಕೊಂಡು, "ಇನ್ನೂ ಯಾಕ ಕುಂಡ್ರಿಸಿಲ್ರಿ? ಹೊತ್ತಾತಲ್ಲ," ಎಂದರು.

ಅಣ್ಣನ ಮಗ ಮಾತಿಲ್ಲದೆ ಹಾಳೆ ಅವರ ಕೈಗೆ ಕೊಟ್ಟ. ಅವರು ನಿಧಾನಕ್ಕೆ, ತುಟಿ ಆಡಿಸುತ್ತ ಓದಿದರು.

"ಕಾರಣ ಏನ್ರಿ ಮಾಸ್ತರ?"

ನಾನು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ. ಅವರು ತಲೆದೆಸೆಯಲ್ಲಿ. ನಡುವೆ ಧ್ವಜ. ಅಣ್ಣನ ಮಗನಿಗೆ ಹೇಳಿದಂತೆ ಹೇಳುವುದಿಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಅವರ ಮುಂದೆ ಹಾಗೆ ಗಟ್ಟಿಯಾಗಿ ನಿಲ್ಲಲು ಆಗಲಿಲ್ಲ. ಹಗುರ ಮಾಡಲು ಹೋಗಿ, ಬಿಳಿ ಬಟ್ಟೆಯ ನಾಲ್ವರ ಕಡೆ ನೋಡಿ ಹೇಳಿದೆ:

"ಏನಿಲ್ರಿ, ಅದು ಹಡಗದಾವ್ರ ಪದ್ಧತಿ."

ಅಷ್ಟು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ನಾನೇನು ಹೇಳಿದೆನೆಂದು ತಿಳಿಯಿತು. ಅವರಿಗೆ ನನಗಿಂತ ಒಂದು ಕ್ಷಣ ತಡವಾಗಿ ತಿಳಿಯಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು.

"ಹಡಗದಾವ್ರ ಪದ್ಧತಿ," ಎಂದರು. "ಹಂಗಾರ ನಮ್ಮಣ್ಣನ್ನ?"

ನಾನು ಹೌದು ಅನ್ನಲಿಲ್ಲ. ಇಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಗೋಡೆಯ ಗಡಿಯಾರ ಎರಡು ಐವತ್ತು ತೋರಿಸುತ್ತಿತ್ತು.

ಅವರು ನೆಲದ ಮೇಲೆ ಕುಳಿತರು. ಗಟ್ಟಿಯಾಗಿ ಅಳಲಿಲ್ಲ, ಬೈಯಲಿಲ್ಲ. "ನಮ್ಮವ್ವ ಹನ್ನೊಂದ ವರ್ಷ ಆ ಒಂದ ಮಾತಿನ ಮ್ಯಾಲ ಉಂಡ್ಲು, ಮಲಗಿದ್ಲು. ಆಕಿನರ ಹೋದ್ಲು," ಎಂದರು. "ನಾ ಒಬ್ಬಾಕಿ ಉಳದಿದ್ದೆ. ನನ್ನನ್ನೂ ಹಂಗ ಬಿಡಬಾರದಿತ್ತೇನ್ರಿ?"

ಮತ್ತೆ ಕೇಳಿದರು. "ಅಂವನ ಕೈಯಾಗ ಲಿಂಗ ಇತ್ತೇನು?"

"ಇತ್ರಿ. ಅದು ಖರೆ. ಇವರ ಕೈಯಾರೆ ಇಟ್ಟು ದಾರ ಸುತ್ತಿದ್ರು."

"ಯಾವ್ದ ಖರೆ, ಯಾವ್ದ ಸುಳ್ಳ, ನಾ ಇನ್ನ ಹೆಂಗ ತಿಳೀಲಿ?"

ನಾನು ಬಾಗಿ ಧ್ವಜದ ಅಂಚು ಸರಿಮಾಡಿದೆ. 

ನಾಲ್ಕು ಗಂಟೆಗೆ ಒಬ್ಬ ತುತ್ತೂರಿ ಊದಿದ. ಧ್ವಜ ತೆಗೆದು ಮಡಿಸಿ ಅಣ್ಣನ ಮಗನ ಕೈಗೆ ಕೊಟ್ಟರು. ಅಯ್ಯನವರು ವಿಭೂತಿ ಹಚ್ಚಿ, ಪತ್ರಿ ಏರಿಸಿ, ಮಂತ್ರ ಹೇಳಿದರು. ಉದ್ದ ಕುಣಿಯಲ್ಲಿ ಅವರನ್ನು ಮಲಗಿಸಿದೆವು. ತೋಡಿ ಬಿಟ್ಟಿದ್ದ ಗೂಡು ಒಂದು ಬದಿಗೆ ಖಾಲಿ ಉಳಿಯಿತು. ಆ ತಂಗಿ ಎಲ್ಲರ ಹಾಗೆ ಹಿಡಿ ಮಣ್ಣು ಹಾಕಿದರು. ತಾವು ತಂದ ಪತ್ರಿಯನ್ನು ಮಾತ್ರ ಅವರ ಮೇಲೆ ಹಾಕಲಿಲ್ಲ. ಬಾಗಿ, ಆ ಖಾಲಿ ಗೂಡಿನೊಳಗೆ ಅಷ್ಟನ್ನೂ ಸುರಿದರು. ಯಾಕೆಂದು ಯಾರೂ ಕೇಳಲಿಲ್ಲ. ಐದೂವರೆಯ ಬಸ್ಸಿಗೆ ಹೋದರು. ನಿಲ್ದಾಣದ ತನಕ ನಾನು ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆದೆ. ಅವರು ತಿರುಗಿ ನೋಡಲಿಲ್ಲ.

ಸಾಹೇಬರ ದಪ್ಪ ಪುಸ್ತಕ ಈಗ ನನ್ನ ಬಳಿ ಇದೆ. ಬುಧವಾರ ಸಂಜೆಯ ಸಾಲು ಕೊನೆಯದು: ಗಾಳಿ ಪಡುವಣದಿಂದ, ಹಗುರ, ಮಳೆ ನಿಂತಿದೆ. ಗುರುವಾರದ ಸಾಲು ನಾನು ಬರೆಯಬೇಕೆಂದು ಎರಡು ಸಲ ಪೆನ್ನು ಹಿಡಿದೆ. ಅವರು ಮಾಡಿದಂತೆ ಒಂದೇ ಗೆರೆ ಎಳೆದು ಸರಿಪಡಿಸಬಹುದಾದ ತಪ್ಪು ಅದರಲ್ಲಿ ಯಾವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ನಾನು ಬರೆದದ್ದು ಸುಳ್ಳೋ ಖರೆಯೋ ಕೇಳಬೇಕೆನ್ನುವವರಿಗೆ ಹೇಳುತ್ತೇನೆ. ಅಯ್ಯನವರು ಮಾಘದಲ್ಲಿ ತೀರಿಕೊಂಡರು. ಅವರನ್ನು ನಾನೇ ಕುಳ್ಳಿರಿಸಿದೆ. ನಾಲ್ವರು ನೌಕಾಪಡೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ನೀರು ಕಾಯಿಸಿದ ಹೆಣ್ಣುಮಗಳು ನಮ್ಮೂರಲ್ಲೇ ಇದ್ದಾಳೆ, ಎಡ ಮೊಣಕಾಲಿನ ಸಪ್ಪಳ ಅವಳೂ ಕೇಳಿದ್ದಾಳೆ. ಅಣ್ಣನ ಮಗ ಹುಬ್ಬಳ್ಳಿಯಲ್ಲಿದ್ದಾನೆ. ಕುಣಿ ತೋಡಿದ ಇಬ್ಬರೂ ಇದ್ದಾರೆ. ಇನ್ನು ಆ ತಂಗಿ. ಸಂಶಿಯ ಆಚೆಗೆ ಮೂರು ಕಿಲೋಮೀಟರ್, ಅದೇ ಮನೆಯಲ್ಲಿದ್ದಾರೆ. ಈ ಸಲದ ಎಳ್ಳಮವಾಸ್ಯೆಯ ಮರುದಿನ, ಮಧ್ಯಾಹ್ನ ಒಂದೂವರೆಗೆ, ನಾನು ಒಬ್ಬನೇ ಹೋಗಿ ಅವರ ಅಂಗಳದ ಅಂಚಿನಲ್ಲಿ ನಿಂತಿದ್ದೆ. ಅವರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ತಗ್ಗಿಸಿ ಬಿಡಿಸತೊಡಗಿದರು. ನಾನು ಚಪ್ಪಲಿ ಬಿಚ್ಚಲಿಲ್ಲ.